ತುತ್ತಿನ ಕೈ, ಕಡಲ ಹೂವು

ಮಳೆಗಾಲ ಹಿಡಿಯುವ ಮೊದಲು ಅಗಲ್ಪಾಡಿಯ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಗಡಿಬಿಡಿ. ಅಂಗಳದ ಡ್ರಮ್ಮಿನಲ್ಲಿ ನೀಲಿ ಮೈಲುತುತ್ತು ಕರಗುತ್ತಿರುತ್ತದೆ, ಪಕ್ಕದಲ್ಲಿ ಸುಣ್ಣದ ನೀರು. ಅಂಥದೊಂದು ಬೆಳಿಗ್ಗೆ ಅಕ್ಕನ ಮಗ ಓಡಿಬಂದು, "ಮಾವಾ, ಹೂ ಪಂಪಿಗೆ ಸಿಕ್ಕಿಬಿಟ್ಟಿದೆ" ಅಂದ. ಹೂ ಎಂದರೆ ಅವನ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿರುವ ಸೀ ಅನಿಮೋನ್. ನಾವು ಅದನ್ನು ಕಡಲ ಹೂವು ಎನ್ನುತ್ತೇವೆ. ರಾತ್ರಿ ಜಾಗ ಬದಲಿಸಲು ಹೊರಟದ್ದು ಪಂಪು ನೀರೆಳೆಯುವ ಬಾಯಿಗೆ ಸಿಲುಕಿ, ಎಸಳಿನಂಥ ಏಳೆಂಟು ತೋಳುಗಳು ಹರಿದಿದ್ದವು. ಪಾದದ ಅಂಚೂ ಸೀಳಿತ್ತು.

ಪಂಪು ನಿಲ್ಲಿಸಿದೆವು, ಆದರೆ ಹಿಡಿದು ಎಳೆಯಲಿಲ್ಲ. ಎಳೆದರೆ ಉಳಿದದ್ದೂ ಹರಿಯುತ್ತದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಕಳಚಿಕೊಂಡು ಕೆಳಗೆ ಜಾರಿತು. ಅಷ್ಟರಲ್ಲಿ ಹುಡುಗನ ಕೈಯಲ್ಲೊಂದು ಬಾಟಲಿ. ಹಿಂದೊಮ್ಮೆ ಮೀನುಗಳಿಗೆ ಬಿಳಿಚುಕ್ಕಿ ರೋಗ ಬಂದಾಗ ತಂದದ್ದು. "ನಾಲ್ಕು ಹನಿ ಹಾಕಲಾ?" ಎಂದು ಕೇಳಿದ. ನಾನು ಅವನ ಕೈ ಹಿಡಿದೆ. ಬಾಟಲಿಯ ಮೇಲೆ ಬರೆದಿದ್ದದ್ದು ಕಾಪರ್ ಸಲ್ಫೇಟ್. ಅಂಗಳದ ಡ್ರಮ್ಮಿನಲ್ಲಿದ್ದದ್ದೂ ಅದೇ.

ಈ ತುತ್ತಿನ ಋಣ ನಮ್ಮ ಮೇಲೆ ದೊಡ್ಡದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಮೂಲವನ್ನು ವಿವರಿಸಿ, ತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ದಾರಿ ತೋರಿದರು. ನಾವು ಮಹಾಳಿ ಎನ್ನುವುದೂ ಈ ರೋಗವನ್ನೇ. ತಾಮ್ರದ ಕಣಗಳು ರೋಗಾಣುವಿನ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತವೆ. ಕಡಲ ಹೂವಿನಲ್ಲೂ ಅವು ಮಾಡುವುದು ಅದನ್ನೇ.

ಒಂದು ಲೆಕ್ಕ ನೋಡಿ. 1 ಕಿಲೋ ತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸುತ್ತೇವೆ, ಇನ್ನೊಂದು 50 ಲೀಟರಿನಲ್ಲಿ ಸುಣ್ಣ. ತುತ್ತಿನ ತೂಕದಲ್ಲಿ ಕಾಲು ಪಾಲು ತಾಮ್ರ. ಸುಣ್ಣ ಬೆರೆಸುವ ಮುಂಚಿನ ಆ ನೀಲಿ ನೀರು ಒಂದು ಟೀ ಚಮಚದಷ್ಟು, ಅಂದರೆ 5 ಮಿಲಿಲೀಟರ್, 100 ಲೀಟರಿನ ತೊಟ್ಟಿಗೆ ಬಿದ್ದರೆ ಲೀಟರಿಗೆ 0.25 ಮಿಲಿಗ್ರಾಂ ತಾಮ್ರವಾಯಿತು. ಬಿಳಿಚುಕ್ಕಿ ರೋಗಕ್ಕೆ ಹಾಕುವ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಮೀನು ಅದನ್ನು ತಾಳಿಕೊಳ್ಳುತ್ತದೆ. ಕಡಲ ಹೂವು ತಾಳದು. ಅದಕ್ಕೆ ಪರೆಯಿಲ್ಲ, ದಪ್ಪ ಚರ್ಮವಿಲ್ಲ. ಎರಡು ಪದರ ಜೀವಕೋಶ, ನಡುವೆ ಲೋಳೆ, ಒಳಗೂ ಹೊರಗೂ ಅದೇ ನೀರು. ಮೈಯೊಳಗೆ ಬಾಡಿಗೆಗಿದ್ದು ಬಿಸಿಲಿನಿಂದ ಅಡುಗೆ ಮಾಡಿಕೊಡುವ ಕಂದು ಪಾಚಿಯ ಕಣಗಳಿಗೂ ತಾಮ್ರ ವಿಷ. ಒಮ್ಮೆ ಸೇರಿದ್ದು ಕಲ್ಲಿಗೂ ಮರಳಿಗೂ ಹಿಡಿದು, ಮತ್ತೆ ಮೆಲ್ಲಗೆ ಬಿಡುತ್ತಿರುತ್ತದೆ. ಮದ್ದು ಬಿಟ್ಟು ಬಂದ ಕೈಯನ್ನು ಎಷ್ಟು ತೊಳೆದರೂ ಆ ದಿನ ತೊಟ್ಟಿಗೆ ಹಾಕಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು.

ಹಾಗಾದರೆ ಗಾಯಕ್ಕೆ ಮದ್ದೇನು? ಮದ್ದನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಜೆಲ್ಲಿಫಿಶ್, ಹವಳಗಳ ಬಳಗದ ಈ ಪ್ರಾಣಿಗೆ ಮೂಳೆ, ರಕ್ತ, ಹೃದಯ, ಮಿದುಳು ಯಾವುದೂ ಇಲ್ಲ. ಗಾಳಿ ತುಂಬಿದ ಟ್ಯೂಬಿನ ಹಾಗೆ ಒಳಗಿನ ನೀರಿನ ಒತ್ತಡದಿಂದ ನಿಂತಿರುತ್ತದೆ. ಪೆಟ್ಟಾದೊಡನೆ ನೀರು ಹೊರಹಾಕಿ ಮುದುಡುತ್ತದೆ. ಗಾಯದ ಸುತ್ತಲಿನ ಮೈ ಬಿಗಿದು ಸೀಳನ್ನು ಹತ್ತಿರ ತರುತ್ತದೆ, ಆಮೇಲೆ ಅಂಚಿನ ಜೀವಕೋಶಗಳು ಹರಿದುಬಂದು ಹೊದಿಕೆ ಹಾಸುತ್ತವೆ. ಪ್ರಯೋಗಶಾಲೆಗಳಲ್ಲಿ ಸಾಕುವ ನೆಮಟೊಸ್ಟೆಲ್ಲಾ ಎಂಬ ಪುಟ್ಟ ಕಡಲ ಹೂವಿನ ತಲೆಭಾಗವನ್ನೇ ಕತ್ತರಿಸಿದರೂ ಗಾಯ ಕೆಲವೇ ಗಂಟೆಗಳಲ್ಲಿ ಮುಚ್ಚುತ್ತದೆ. ಸುಮಾರು ಒಂದು ವಾರದಲ್ಲಿ ಹೊಸ ಬಾಯಿ, ಹೊಸ ತೋಳು. ಕೆಲವು ಜಾತಿಗಳು ತಾವಾಗಿಯೇ ಬಾಯಿಯ ನಡುವೆ ಸೀಳಿಕೊಂಡು ಎರಡಾಗುತ್ತವೆ. ತೋಳಿನ ಗಾಯ ಅದಕ್ಕೆ ದೊಡ್ಡದಲ್ಲ, ಪಾದದ ಗಾಯ ಮಾತ್ರ ಭಯದ್ದು.

ನಮ್ಮ ಕೆಲಸವೆಲ್ಲ ನೀರಿನದು. ಉಪ್ಪು ಲೀಟರಿಗೆ ಸುಮಾರು 35 ಗ್ರಾಂ, ಶಾಖ 25ರಿಂದ 27 ಡಿಗ್ರಿ, ಅಮೋನಿಯಾ ಸೊನ್ನೆ. ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ. ಹಾಗಾಗಿ ಕಡಿಮೆಯಾದಷ್ಟು ಶುದ್ಧೀಕರಿಸಿದ ಸಿಹಿನೀರನ್ನೇ ತುಂಬಬೇಕು. ಮಳೆಗಾಲದಲ್ಲಿ ಕುಂಬಳೆಯ ಕಡಲಿನಿಂದ ಕ್ಯಾನಿನಲ್ಲಿ ನೀರು ತರುವ ಯೋಚನೆ ಬೇಡ, ಹೊಳೆಗಳ ಕೆನ್ನೀರು ಸೇರಿ ಅದರ ಉಪ್ಪು ಇಳಿದಿರುತ್ತದೆ. ಮರ ಬಿದ್ದು ಕರೆಂಟು ಹೋದರೆ ಬ್ಯಾಟರಿಯ ಗಾಳಿಪಂಪು ಕೈಗೆ ಸಿಗುವಂತಿರಲಿ. ಅನಿಮೋನಿನಲ್ಲೇ ಉರುಳಾಡುವ ಕ್ಲೌನ್ ಮೀನನ್ನು ಕೆಲವು ದಿನ ತೂತಿನ ಬುಟ್ಟಿಯಲ್ಲಿ ಬೇರೆ ಇಟ್ಟೆವು. ಗಾಯದ ಮೈಗೆ ಅದರ ಪ್ರೀತಿಯೂ ಭಾರ. ತಿನ್ನಿಸುವ ಆತುರವೂ ಬೇಡ: ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುವ ತನಕ ಕೊಟ್ಟದ್ದು ಒಳಗೇ ಕೊಳೆಯುತ್ತದೆ. ಬಾಯಿ ಜೋತು, ಒಳಗಿನದು ಹೊರಬಂದು, ಮೈ ಕರಗಿ ನಾರತೊಡಗಿದರೆ ಮಾತ್ರ ತಡಮಾಡದೆ ತೆಗೆಯಬೇಕು. ಇಲ್ಲವಾದರೆ ಒಂದು ಸಾವು ಇಡೀ ತೊಟ್ಟಿಯ ಸಾವಾಗುತ್ತದೆ.

ಇಷ್ಟು ಕಷ್ಟ ಯಾಕೆ ಎನ್ನುವವರಿಗೆ ಎಡಿನ್‌ಬರೋದ ಕಥೆ ಹೇಳುತ್ತೇನೆ. 1828ರಲ್ಲಿ ಜಾನ್ ಡಾಲಿಯೆಲ್ ಎಂಬ ನಿಸರ್ಗಶಾಸ್ತ್ರಜ್ಞ ಸ್ಕಾಟ್ಲೆಂಡಿನ ಕಡಲ ಬಂಡೆಯಿಂದ ಒಂದು ಕಡಲ ಹೂವನ್ನು ತಂದು ಗಾಜಿನ ಪಾತ್ರೆಯಲ್ಲಿಟ್ಟ. ಅದಕ್ಕೆ ಅಜ್ಜಿ ಎಂದೇ ಹೆಸರು ಬಿತ್ತು. ಆಗಾಗ ಹೊಸ ಕಡಲ ನೀರು, ತಿನ್ನಲು ಚಿಪ್ಪಿನೊಳಗಿನ ಮಾಂಸದ ಚೂರು. ಅವನು ತೀರಿಕೊಂಡದ್ದು 1851ರಲ್ಲಿ. ಅಜ್ಜಿ ಕೈಯಿಂದ ಕೈಗೆ ಹೋಗುತ್ತ 1887ರ ತನಕ ಬದುಕಿತು. ಅಷ್ಟು ಬಾಳಬಲ್ಲ ಜೀವವನ್ನು ನಾವು ಕಡಲಿನಿಂದ ಕಿತ್ತು ತಂದಿದ್ದೇವೆ. ಕಲ್ಲುಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಮನೆಗೆ ತರುವಂತೆಯೇ ಇಲ್ಲ. ಕಡಲ ಹೂವಿನ ವಿಷಯದಲ್ಲೂ ಕೊಳ್ಳುವವರು ಹತ್ತು ಸಲ ಯೋಚಿಸಲಿ ಎಂಬುದು ನನ್ನ ಆಸೆ.

ನಮ್ಮ ಹೂ ಐದು ದಿನ ಕಲ್ಲಿನ ಸಂದಿಯಲ್ಲಿ ಮುದುಡಿ ಕೂತಿತ್ತು. ಎರಡು ಸಲ ಕಂದು ಲೋಳೆ ಕಾರಿತು. ಹುಡುಗ ಪಂಪಿನ ಬಾಯಿಗೆ ಸ್ಪಂಜು ಕಟ್ಟಿ, ಶಾಲೆಗೆ ಹೋಗುವ ಮೊದಲೂ ಬಂದ ಮೇಲೂ ನೀರಿನ ಉಪ್ಪು ಅಳೆದ. ಮೂರನೇ ವಾರ ಪಾದ ಕಲ್ಲಿಗೆ ಹಿಡಿದುಕೊಂಡಾಗ ಕಡಲೆಕಾಳಿನಷ್ಟು ಎಟ್ಟಿಯ (ಸಿಗಡಿಯ) ಚೂರನ್ನು ಇಕ್ಕಳದಲ್ಲಿ ಹತ್ತಿರ ಹಿಡಿದೆವು. ಹರಿದಲ್ಲಿ ಮೂಡಿದ ತೋಳುಗಳು ಇನ್ನೂ ಮೋಟು, ಬಣ್ಣವೂ ತೆಳು. ಚೂರನ್ನು ಮೊದಲು ಹಿಡಿದದ್ದು ಅವುಗಳಲ್ಲೊಂದು.