ಕೆರೆ ಏರಿಯಿಂದ ಕೆರೆ ಏರಿಗೆ

‘ಗಾಡಿ ಕೆಟ್ಟೈತೇನ್ರೀ?’

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ಡಾಂಬರು ರಸ್ತೆ ಬಿಟ್ಟು, ಪಕ್ಕದಲ್ಲಿ ಸಿಕ್ಕ ಮಣ್ಣು ದಾರಿಗೆ ಸೈಕಲ್ ಇಳಿಸಿದರೆ ಮೊದಲ ಕೆರೆ ಏರಿಯಲ್ಲೇ ಈ ಪ್ರಶ್ನೆ ಎದುರಾಗುತ್ತದೆ. ಇಲ್ಲಿ ಗಾಡಿ ಎಂದರೆ ಮೋಟರ್‌ಬೈಕು. ಮೀಸೆ ನರೆತ ಗಂಡಸು ಹೆಲ್ಮೆಟ್ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದಾನೆಂದರೆ ಒಂದೋ ಗಾಡಿ ಕೆಟ್ಟಿರಬೇಕು, ಇಲ್ಲವೇ ಡಾಕ್ಟರು ಹೆದರಿಸಿರಬೇಕು. ‘ಸುಮ್ನೆ ಬಂದೆ’ ಎಂದು ನಾನು ಹೇಳಿದ್ದಕ್ಕೆ ಎಮ್ಮೆ ಕಾಯುತ್ತಿದ್ದ ಹಿರಿಯರು ಸೈಕಲ್ಲನ್ನೂ ನನ್ನನ್ನೂ ಮೇಲಿಂದ ಕೆಳಗೆ ನೋಡಿದರು. ‘ಸುಮ್ನೆ ಯಾರ್ ಬರ್ತಾರ್ರೀ, ಈ ಏರಿ ಮ್ಯಾಲೆ?’

ಹಾಗೆ ಸುಮ್ಮನೆ ಬರುವವರಿಗೆ ಯುರೋಪಿನಲ್ಲಿ ಈಗ ಒಂದು ಹೆಸರಿದೆ. ಕಾರು, ಲಾರಿಗಳ ಕಾಟವಿಲ್ಲದ ಕಣಿವೆಯ ಹಳ್ಳಿ, ಕಾಡಂಚು, ಹೊಲದ ನಡುವಿನ ಜಲ್ಲಿ ದಾರಿಗಳನ್ನು ಹುಡುಕಿಕೊಂಡು ಹೋಗುವ ‘ಗ್ರಾವೆಲ್ ಬೈಕಿಂಗ್’ ಫ್ರಾನ್ಸಿನಲ್ಲಿ ಪ್ರವಾಸೋದ್ಯಮವೇ ಆಗಿದೆ. 2022ರಲ್ಲಿ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ಆದರೆ ನನಗೆ ಇಷ್ಟವಾದದ್ದು ಅದಕ್ಕಿಂತ ಹಳೆಯ ಕಥೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ 1984ರಿಂದ ‘ಟ್ರೊ ಬ್ರೊ ಲಿಯೊನ್’ ಎಂಬ ಸೈಕಲ್ ಪಂದ್ಯ ನಡೆಯುತ್ತಿದೆ. ಓಟದ ಮುಖ್ಯ ಭಾಗ ಹೊಲದ ಬಂಡಿ ದಾರಿಗಳ ಮೇಲೆ. ಬ್ರೆಟನ್ ಭಾಷೆಯಲ್ಲಿ ಅಂಥ ದಾರಿಗೆ ‘ರಿಬಿನ್’ ಎನ್ನುತ್ತಾರೆ. ಪಂದ್ಯ ಶುರುವಾದದ್ದು ಬ್ರೆಟನ್ ಮಾಧ್ಯಮದ ‘ದಿವಾನ್’ ಶಾಲೆಗಳಿಗೆ ಹಣ ಕೂಡಿಸಲು. ಸವಾರರಲ್ಲಿ ಮುಂದೆ ಬಂದ ಸ್ಥಳೀಯನಿಗೆ ಬಹುಮಾನವಾಗಿ ಜೀವಂತ ಹಂದಿಮರಿ. ಕನ್ನಡ ಶಾಲೆ ಉಳಿಸಲು ನಾವೂ ಏನೇನೋ ಮಾಡಿದ್ದೇವೆ, ಇದೊಂದು ಹೊಳೆದಿರಲಿಲ್ಲ.

ಇನ್ನು ಸೈಕಲ್ಲಿನ ವಿಷಯ. ಗ್ರಾವೆಲ್ ಬೈಕಿಗೆ ಲಕ್ಷಗಟ್ಟಲೆ ಕೊಡುವವರು ಮುಖ್ಯವಾಗಿ ಕೊಂಡಾಡುವುದು ಅದರ ಟೈರಿನ ಅಗಲವನ್ನು, ಸುಮಾರು 40 ಮಿಲಿಮೀಟರ್. ನಮ್ಮ ಹಾಲಿನವರು, ಅಂಚೆಯವರು, ಮೇಷ್ಟ್ರು ತುಳಿಯುತ್ತಿದ್ದ ಕರಿ ಸೈಕಲ್ಲಿನ ಟೈರ್ ಮೇಲೆ ‘28 × 1½’ ಎಂದು ಬರೆದಿರುತ್ತಿತ್ತಲ್ಲ, ಅಳೆದರೆ ಅದರ ಅಗಲವೂ 40 ಮಿಲಿಮೀಟರೇ. ರಸ್ತೆ ಕೆಟ್ಟದಾಗಿದ್ದ ಕಾಲಕ್ಕೆ ಮಾಡಿದ ಟೈರು ಅದು. ಶಿಕಾರಿಪುರದ ಸಂತೆಗೆ ಅಕ್ಕಿ ಮೂಟೆ ಹೇರಿಕೊಂಡು ಬಂದವರೆಲ್ಲ ಗೊತ್ತಿಲ್ಲದೆಯೇ ಗ್ರಾವೆಲ್ ಸವಾರರು.

ಶಿಕಾರಿಪುರ, ಪಕ್ಕದ ಸೊರಬ, ಎರಡೂ ತಾಲ್ಲೂಕುಗಳ ನೆಲ ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಅರಬ್ಬಿ ಸಮುದ್ರ ಪಕ್ಕದ ಜಿಲ್ಲೆಯಲ್ಲೇ ಇದ್ದರೂ ಇಲ್ಲಿನ ನೀರು ಅತ್ತ ಮುಖ ಮಾಡುವುದಿಲ್ಲ. ಶಿಕಾರಿಪುರದ ಕುಮುದ್ವತಿ, ಸೊರಬದ ದಂಡಾವತಿಯನ್ನು ಸೇರಿಸಿಕೊಳ್ಳುವ ವರದಾ, ಎರಡೂ ಪೂರ್ವಕ್ಕೆ ಹರಿದು ತುಂಗಭದ್ರೆಯನ್ನು ಸೇರುತ್ತವೆ. ಘಾಟಿಯ ಏರಿಳಿತವಿಲ್ಲ, ಅಲೆಯಂಥ ದಿಣ್ಣೆ, ದಿಣ್ಣೆ ಇಳಿದರೆ ಗದ್ದೆ, ಗದ್ದೆಯ ತಲೆಗೊಂದು ಕೆರೆ. ಪೂರ್ವದ ಶಿಕಾರಿಪುರದ ಕಡೆ ಮೆಕ್ಕೆಜೋಳ, ಜಾಲಿಮುಳ್ಳು, ಅರೆಮಲೆನಾಡು. ಸೊರಬದತ್ತ ಸಾಗಿದಂತೆ ಮಣ್ಣು ಕೆಂಪಾಗಿ, ಜಂಬಿಟ್ಟಿಗೆ ಕಲ್ಲು ಮೇಲೆದ್ದು, ಅಡಿಕೆ ತೋಟವೂ ಸೊಪ್ಪಿನಬೆಟ್ಟವೂ ಶುರುವಾಗುತ್ತವೆ. ಪಂಚರ್ ಕಿಟ್ಟು ಮೊದಲರ್ಧಕ್ಕೆ ಬೇಕು, ಮಡ್‌ಗಾರ್ಡು ಎರಡನೆಯದಕ್ಕೆ.

ಈ ದಾರಿಗಳು ಉಳಿದಿರುವುದಕ್ಕೆ ಕಾರಣ ಕೆರೆಗಳೇ. ಊರಿಂದ ಊರಿಗೆ ಹೋಗುವ ದಾರಿಗೆ ಡಾಂಬರು ಬಿದ್ದಾಗಿದೆ. ಊರಿಂದ ಗದ್ದೆಗೆ, ಗದ್ದೆಯಿಂದ ತೂಬಿಗೆ, ಕೋಡಿಯಿಂದ ಕಾನಿಗೆ ಹೋಗುವ ದಾರಿಗೆ ಯಾರೂ ಟೆಂಡರು ಕರೆಯುವುದಿಲ್ಲ. ಸೊರಬದ ಕುಬಟೂರಿನಲ್ಲಿ ಹುಟ್ಟಿದ ಬಂಗಾರಪ್ಪ, ಶಿಕಾರಿಪುರ ಆರಿಸಿ ಕಳಿಸಿದ ಯಡಿಯೂರಪ್ಪ, ಹೀಗೆ ತಾಲ್ಲೂಕಿಗೊಬ್ಬ ಮುಖ್ಯಮಂತ್ರಿಯನ್ನು ಕಂಡ ನಾಡಿನಲ್ಲಿ ಇಷ್ಟು ಮಣ್ಣು ದಾರಿ ಮಿಕ್ಕಿರುವುದೇ ಹೆಚ್ಚು. (ಡಾಂಬರು ಬಂದರೆ ನನಗೆ ಬೇಸರ, ಬಸುರಿ ಸೊಸೆಯನ್ನು ಆಸ್ಪತ್ರೆಗೆ ಒಯ್ಯುವವರಿಗೆ ಸಂತೋಷ. ಅವರ ಮಾತೇ ಸರಿ.) ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು 2006-07ರಲ್ಲಿ ತಂದಾಗ ಹಣಕಾಸು ಖಾತೆ ಇದ್ದದ್ದು ಯಡಿಯೂರಪ್ಪನವರ ಕೈಯಲ್ಲಿ. ಹೈಸ್ಕೂಲು ದೂರವಿದ್ದ ಹಳ್ಳಿಗಳ ಹುಡುಗಿಯರು ಆ ಸೈಕಲ್ಲುಗಳ ಮೇಲೆ ಓಡಾಡಿದ್ದು ಇಂಥ ದಾರಿಗಳಲ್ಲೇ.

ನನ್ನ ಸವಾರಿ ಮೊದಲ ದಿನ ತಾಳಗುಂದಕ್ಕೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಐದನೆಯ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲಕ್ಕೆ, ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಶಾಸನವಿದೆ. ಓದಲು ತಾಳಗುಂದದಿಂದ ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಪ್ರಸಂಗ ಅದರಲ್ಲಿ ಬರುತ್ತದೆ. ಶಾಸನದಲ್ಲಿ ಕುದುರೆ ಸವಾರ ಎಂದು ಓದುವ ಪದಕ್ಕೆ ಬೇರೆ ಅರ್ಥ ಹೇಳುವ ಪಂಡಿತರೂ ಇದ್ದಾರೆ. ನಾನು ಮಾತ್ರ ಕುದುರೆ ಸವಾರನನ್ನೇ ನಂಬಿಕೊಂಡಿದ್ದೇನೆ: ಬೀದಿಯಲ್ಲಿ ವಾಹನದವನಿಗೂ ನಡೆದು ಬಂದವನಿಗೂ ಆದ ಜಗಳದಿಂದ ಒಂದು ರಾಜ್ಯವೇ ಹುಟ್ಟಿತು ಎಂಬುದು ಸೈಕಲ್ಲಿನವನಿಗೆ ಹಿತವಾದ ವ್ಯಾಖ್ಯಾನ. ಇಷ್ಟೆಲ್ಲ ವಂಶಾವಳಿ ಹೇಳುವ ಆ ಶಾಸನ ಹುಟ್ಟಿದ್ದು ಯಾವ ನೆಪಕ್ಕೆ ಗೊತ್ತೇ? ಕಾಕುಸ್ಥವರ್ಮ ಈ ಶಿವಾಲಯದ ಬಳಿ ಕೆರೆ ಕಟ್ಟಿಸಿದನೆಂದು ಹೇಳುವುದಕ್ಕೆ. ಕನ್ನಡ ನಾಡಿನ ಮೊದಲ ರಾಜಮನೆತನದ ಚರಿತ್ರೆ ನಮಗೆ ಸಿಕ್ಕಿದ್ದು ಒಂದು ಕೆರೆಯ ದಾಖಲೆಯಾಗಿ.

ಅಲ್ಲಿಂದ ಬಳ್ಳಿಗಾವಿ ಹತ್ತಿರ. ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಊರು, ಅಲ್ಲಮನ ಊರು. ಅಕ್ಕನ ಉಡುತಡಿಯೂ ಇದೇ ತಾಲ್ಲೂಕು. ತ್ರಿಪುರಾಂತಕ, ಕೇದಾರೇಶ್ವರ, 1047ರ ಗಂಡಭೇರುಂಡ ಸ್ತಂಭ ಇವನ್ನೆಲ್ಲ ಬಸ್ಸಿನಲ್ಲಿ ಬಂದವರೂ ನೋಡುತ್ತಾರೆ. ಸೈಕಲ್ಲಿನಲ್ಲಿ ಬಂದವರು ಕೇದಾರೇಶ್ವರನ ಹಿಂದಿನ ಕೆರೆಯ ಕಡೆಗೂ ಒಮ್ಮೆ ಹೋಗಬೇಕು. ಇಲ್ಲಿದ್ದ ಕಾಳಾಮುಖರ ವಿದ್ಯಾಕೇಂದ್ರದ ಹೆಸರು ಕೋಡಿಯ ಮಠ. ವ್ಯಾಕರಣದ ಪಾಠ, ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು ನಡೆಯುತ್ತಿದ್ದ ಜಾಗವೆಂದು 1162ರ ಶಾಸನ ಹೊಗಳುವ ಆ ಮಠದ ಹೆಸರಿನಲ್ಲೂ ಕೆರೆಯ ಕೋಡಿಯೇ ಹರಿಯುತ್ತಿದೆ.

ಶಿರಾಳಕೊಪ್ಪದಲ್ಲಿ ಊಟ ಮಾಡಿ, ನೀರು ತುಂಬಿಸಿಕೊಂಡು ಬೇಗ ಹೊರಬೀಳಬೇಕು. ಮೆಕ್ಕೆಜೋಳದ ಸುಗ್ಗಿಯಲ್ಲಾದರೆ ಡಾಂಬರು ರಸ್ತೆಯ ಅರ್ಧ ಭಾಗ ರೈತರ ಕಣ. ತೆನೆ ಹರಡಿದ ರಸ್ತೆಗಿಂತ ಮಣ್ಣು ದಾರಿಯೇ ವೇಗ. ಆನವಟ್ಟಿಯ ಹತ್ತಿರ ಕುಬಟೂರಿನಲ್ಲಿ ಸುಮಾರು 1100ರ ಕೈಟಭೇಶ್ವರ ದೇವಾಲಯವಿದೆ. ಜನ ಕಡಿಮೆ, ಕಂಬಗಳ ಮಂಟಪ ತಂಪು, ಅರ್ಧ ಗಂಟೆ ಕಣ್ಣು ಮುಚ್ಚಲು ಯಾರ ಅಪ್ಪಣೆಯೂ ಬೇಡ.

ಸೊರಬದಲ್ಲಿ ಕಾನು ಶುರು. ಸುತ್ತ ಎಲೆ ಉದುರುವ ಕಾಡು, ನಡುವೆ ದ್ವೀಪದ ಹಾಗೆ ದಟ್ಟ ಹಸಿರಿನ ಒಂದು ತುಂಡು, ಅದು ಕಾನು. ಕಾಳುಮೆಣಸಿನ ಬಳ್ಳಿ, ಬಗನಿ ಮರ, ಒಳಗೆಲ್ಲೋ ಒಂದು ದೇವರ ಕಲ್ಲು, ಬೇಸಿಗೆಯಲ್ಲೂ ಜಿನುಗುವ ನೀರು. ಆ ನೀರು ಕೆರೆಗೆ, ಕೆರೆಯ ನೀರು ಗದ್ದೆಗೆ. ಬ್ರಿಟಿಷ್ ಅರಣ್ಯ ಇಲಾಖೆಯ ಡೀಟ್ರಿಚ್ ಬ್ರಾಂಡಿಸ್ 1868ರಲ್ಲಿ ಗ್ರಾಂಟ್ ಎಂಬ ಅಧಿಕಾರಿಯ ಜೊತೆ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಪ್ರತ್ಯೇಕ ವರದಿ ಬರೆದ. ಬಿಸಿಲಿನ ಬ್ಯಾಣದಿಂದ ಕಾನಿನಂಚಿಗೆ ಸೈಕಲ್ ತಿರುಗಿಸಿದಾಗ ಬೆನ್ನ ಮೇಲಿನ ಬೆವರು ತಟ್ಟನೆ ತಣ್ಣಗಾಗುತ್ತದೆ. ಇದಕ್ಕಿಂತ ಚೆನ್ನಾಗಿ ಕಾನನ್ನು ವಿವರಿಸಲು ನನಗೆ ಬರುವುದಿಲ್ಲ.

ಆದರೆ ಒಳಗೆ ನುಗ್ಗಬೇಡಿ. ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದು ಜಗತ್ತಿನ ವೈದ್ಯ ಪುಸ್ತಕಗಳಲ್ಲಿರುವ ಕ್ಯಾಸನೂರು ಸೊರಬ ತಾಲ್ಲೂಕಿನದೇ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನರಿಗೂ ಜ್ವರ ಬಂದು, ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಾಣುವನ್ನು ಗುರುತಿಸಿದರು. ಊರವರಿಗೆ ಇದು ಮಂಗನ ಕಾಯಿಲೆ. ಹರಡುವುದು ಉಣುಗು, ಅಂದರೆ ಕಾಡಿನ ಉಣ್ಣೆ ಹುಳ. ಡಿಸೆಂಬರಿನಿಂದ ಮೇ ತನಕ ಇದರ ಹಾವಳಿ. ಆಗ ಸೌದೆಗೆ, ದರಗು ಗುಡಿಸಲು ಹೋಗುವವರು ಮೈಗೆ ಎಣ್ಣೆ ಸವರಿಕೊಂಡು ಹೋಗುತ್ತಾರೆ. ಸವಾರರ ಕೈಪಿಡಿಗಳು ಚಳಿಗಾಲದ ಕೊನೆಯೇ ಸೊಗಸು ಎನ್ನುತ್ತವೆ, ಸೊರಬದ ಮಟ್ಟಿಗೆ ಆ ಮಾತು ಕೇಳಬೇಡಿ. ತುಂಬು ತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಎಲೆ ರಾಶಿಯ ಮೇಲೆ ಕೂರದಿರುವುದು, ಸಂಜೆ ಬಿಸಿನೀರ ಸ್ನಾನ. ಮಂಗ ಸತ್ತು ಬಿದ್ದದ್ದು ಕಂಡರೆ ಅಲ್ಲಿಂದಲೇ ಹಿಂದಿರುಗಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹಾಗಾಗಿ ನನ್ನ ಪಂಚಾಂಗದಲ್ಲಿ ಸರಿಯಾದ ಕಾಲ ಅಕ್ಟೋಬರ್, ನವೆಂಬರ್. ಮಳೆ ಹಿಂದೆ ಸರಿದು ಕೆಸರು ಗಟ್ಟಿಯಾಗಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ, ಕೆರೆಗಳು ತುಂಬಿರುತ್ತವೆ. ಒಂದು ಚದರ ಕಿಲೋಮೀಟರನ್ನೂ ತುಂಬದ ಗುಡವಿ ಪಕ್ಷಿಧಾಮದಲ್ಲಿ, ನೀರಲ್ಲೇ ನಿಂತ ಮರಗಳ ಮೇಲೆ, ಗೂಡು ಕಟ್ಟಿದ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳ ಮರಿಗಳು ರೆಕ್ಕೆ ಬಲಿಸಿಕೊಳ್ಳುತ್ತಿರುತ್ತವೆ. ಅರ್ಧ ಫರ್ಲಾಂಗು ದೂರದಿಂದಲೇ ಗಲಾಟೆ ಕೇಳುತ್ತದೆ, ವಾಸನೆಯೂ ಬರುತ್ತದೆ.

ಭೂಮಿ ಹುಣ್ಣಿಮೆ ಬರುವುದೂ ಆಗಲೇ. ಆ ದಿನ ಬೆಳಕು ಹರಿಯುವ ಮುಂಚೆ ಸೊರಬದ ಗದ್ದೆ ದಾರಿಗಳಲ್ಲಿ ಸೈಕಲ್ ತುಳಿಯಲಾಗದು, ಇಳಿದು ಪಕ್ಕಕ್ಕೆ ನಿಲ್ಲಬೇಕು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ತಲೆ ಮೇಲೆ, ಕೈಯಲ್ಲಿ ದೊಂದಿ ಅಥವಾ ಟಾರ್ಚು. ಮನೆಮಂದಿಯೆಲ್ಲ ಹೊಡೆ ತುಂಬಿದ ಭತ್ತಕ್ಕೆ ಬಯಕೆ ಊಟ ಹೊತ್ತು ನಡೆಯುತ್ತಾರೆ. ಗದ್ದೆಯಲ್ಲಿ ಪೂಜೆ ಮುಗಿಸಿ, ಸೊಪ್ಪಿನ ಅಂಬಲಿಯನ್ನು ಪೈರಿನ ಮೇಲೆ ಬೀರಿ, ಬದುವಿನ ಮೇಲೇ ಎಲೆ ಹಾಕಿ ಉಣ್ಣುತ್ತಾರೆ. ಹೋದ ಸಲ ನಾನು ದಣಪೆಯ ಬಳಿ ಸೈಕಲ್ ಒರಗಿಸಿ ನಿಂತಿದ್ದೆ. ‘ನಿಂತ್ರಾಕಿಲ್ಲ, ಬನ್ನಿ, ಕೂರಿ’ ಎಂದರು ಅಜ್ಜಿ. ನಾನು ತಿಂದದ್ದು ಸಾಲದೆಂದು ಬಾಳೆಎಲೆಯಲ್ಲಿ ನಾಲ್ಕು ಸೌತೆಕಾಯಿ ಕಡುಬು ಕಟ್ಟಿ, ಹ್ಯಾಂಡಲ್ಲಿಗೆ ತೂಗುಹಾಕಿದರು. ಚಂದ್ರಗುತ್ತಿಯ ಗುಡ್ಡ ಕಾಣಿಸುವಷ್ಟರಲ್ಲಿ ಒಂದೇ ಉಳಿದಿತ್ತು.