ಬಿರುಕು ಬಿಟ್ಟ ಫ್ರೇಮಿಗೆ ನ್ಯಾಯ ಹೇಳುವವರು ಯಾರು?

‘ಅರ್ಜಿಯಲ್ಲಿ ಬಿದ್ದ ವಿಷಯ ಬರೆಯಬೇಡಿ ಸಾರ್. ಬರೆದರೆ ವಾರಂಟಿ ಹೋಯಿತೆಂದೇ ತಿಳಿಯಿರಿ.’ ಸೈಕಲ್ ಅಂಗಡಿಯ ಯುವಕ ದನಿ ತಗ್ಗಿಸಿ ಹೇಳಿದ ಈ ಮಾತಿನಲ್ಲಿ ಮೋಸಕ್ಕಿಂತ ನನ್ನ ಮೇಲಿನ ಕಾಳಜಿಯೇ ಹೆಚ್ಚಾಗಿತ್ತು. ಪಕ್ಕದಲ್ಲಿ ನಿಂತಿದ್ದ ಮಗಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ಮೂರು ವರ್ಷಗಳ ಹಿಂದೆ ಅವಳಿಗೊಂದು ಮೌಂಟನ್ ಬೈಕ್ ಕೊಡಿಸಿದ್ದೆ. ಬೆಲೆ 85 ಸಾವಿರ ರೂಪಾಯಿ. ‘ಇಷ್ಟು ದುಡ್ಡಿಗೆ ಸ್ಕೂಟರೇ ಬರುತ್ತಿತ್ತಲ್ಲೋ’ ಎಂದು ನನ್ನ ತಾಯಿ ಹೇಳಿದ್ದು ಈಗಲೂ ನೆನಪಿದೆ. ಸೈಕಲ್ಲಿನ ಜೊತೆ ಬಂದ ಕಿರುಪುಸ್ತಕದಲ್ಲಿ ‘ಫ್ರೇಮಿಗೆ ಆಜೀವ ವಾರಂಟಿ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದುದೇ ನಮ್ಮ ಧೈರ್ಯಕ್ಕೆ ಕಾರಣ. ನಂದಿಬೆಟ್ಟದ ತಪ್ಪಲಿನ ಮಣ್ಣುಹಾದಿಗಳಲ್ಲಿ ಅವಳ ಭಾನುವಾರಗಳು ಕಳೆದವು. ನಾಲ್ಕು ತಿಂಗಳ ಹಿಂದೆ ಅಂಥದೊಂದು ಇಳಿಜಾರಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದು ಬಿದ್ದಳು. ಮೊಣಕೈ ತರಚಿತು, ಹ್ಯಾಂಡಲ್ ಸೊಟ್ಟಗಾಯಿತು. ಫ್ರೇಮಿನಲ್ಲಿ ನಮಗೇನೂ ಕಾಣಲಿಲ್ಲ. ಕಳೆದ ತಿಂಗಳು ಸೈಕಲ್ ತೊಳೆಯುವಾಗ, ಹ್ಯಾಂಡಲ್ ಕೂರುವ ಗಿಡ್ಡ ಕೊಳವೆಗೆ ಕೆಳಗಿನ ದಪ್ಪ ಕೊಳವೆ ಸೇರುವ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಬಣ್ಣ ಕೆತ್ತಿರಬೇಕೆಂದುಕೊಂಡೆ. ಉಗುರು ಆಡಿಸಿದರೆ ಸಿಕ್ಕಿಕೊಂಡಿತು. ಅದು ಬಿರುಕು.

ಈ ಬಿರುಕನ್ನು ಹಗುರವಾಗಿ ಕಾಣುವಂತಿಲ್ಲ. ಮುಂಚಕ್ರದ ಕುಲುಕಾಟವೆಲ್ಲ ಬಂದು ಸೇರುವುದು ಅದೇ ಸಂದಿಗೆ. ಅದು ಪೂರ್ತಿ ಬಿಟ್ಟುಕೊಂಡರೆ ಚಕ್ರ ಒಂದು ಕಡೆ, ಸವಾರ ಇನ್ನೊಂದು ಕಡೆ. ಉಕ್ಕಿಗೆ ಒಂದು ಮಿತಿಯಿದೆ. ಅದರೊಳಗಿನ ಹೊಡೆತಗಳನ್ನು ಅದು ಹೆಚ್ಚುಕಡಿಮೆ ಎಷ್ಟು ಕಾಲ ಬೇಕಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಸುರಕ್ಷಿತ ಮಿತಿಯಿಲ್ಲ. ಸಣ್ಣ ಸಣ್ಣ ಹೊಡೆತಗಳೂ ಕೂಡುತ್ತ ಹೋಗಿ ಒಂದು ದಿನ ಲೋಹ ದಣಿಯುತ್ತದೆ. ‘ವೆಲ್ಡಿಂಗ್ ಮಾಡಿಸಿಬಿಡಿ’ ಎಂದವರೂ ಇದ್ದರು. ಆದರೆ ಇಂಥ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಬಳಸುವ 6061 ಎಂಬ ಮಿಶ್ರಲೋಹ ಬೆಸುಗೆಯ ಕಾವಿಗೆ ತನ್ನ ಬಲವನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಬೆಸುಗೆಯ ನಂತರ ಇಡೀ ಫ್ರೇಮನ್ನು ಕುಲುಮೆಯಲ್ಲಿಟ್ಟು ಆ ಬಲವನ್ನು ಮರಳಿ ತರುತ್ತಾರೆ. ರಸ್ತೆಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಬಿರುಕು ಮುಚ್ಚೀತು. ಸುತ್ತಲಿನ ಲೋಹ ಮೆತ್ತಗಾಗಿಯೇ ಉಳಿದೀತು.

ಮಗಳು ಬಿದ್ದದ್ದನ್ನು ಬರೆದೆವು. ಹನ್ನೆರಡು ದಿನಗಳ ನಂತರ ಬಂದ ಉತ್ತರ ಒಂದೇ ವಾಕ್ಯದ್ದು: ಹಾನಿ ಅಪಘಾತದಿಂದಾದದ್ದು, ವಾರಂಟಿ ಅನ್ವಯಿಸದು. ಅವರು ನೋಡಿದ್ದು ಮೂರು ಫೋಟೊಗಳನ್ನು ಮಾತ್ರ. ಬದಲಿಗೆ ‘ಕ್ರ್ಯಾಶ್ ರಿಪ್ಲೇಸ್‌ಮೆಂಟ್’ ಯೋಜನೆಯಡಿ ಶೇ 30ರಷ್ಟು ಕಡಿಮೆ ಬೆಲೆಗೆ ಹೊಸ ಫ್ರೇಮ್ ಕೊಡುವುದಾಗಿ ತಿಳಿಸಿದ್ದರು.

ಈ ಎರಡರ ವ್ಯತ್ಯಾಸವನ್ನು ಕೊಳ್ಳುವವರು ಅರಿತಿರಬೇಕು. ವಾರಂಟಿ ಎಂಬುದು ತಯಾರಿಕೆಯ ದೋಷಕ್ಕೆ ಕಂಪನಿ ಕೊಟ್ಟ ಮಾತು. ಕ್ರ್ಯಾಶ್ ರಿಪ್ಲೇಸ್‌ಮೆಂಟ್ ಹಾಗಲ್ಲ. ಬಿದ್ದು ಮುರಿದುಕೊಂಡ ಗಿರಾಕಿಯನ್ನು ಕೈಬಿಡದಿರಲು ಕಂಪನಿ ತೋರುವ ರಿಯಾಯಿತಿ. ಯೋಜನೆಯೇನೋ ಒಳ್ಳೆಯದೇ. ನಿಜ ಹೇಳಿದವನೂ ಬರಿಗೈಯಲ್ಲಿ ಮರಳಬೇಕಿಲ್ಲ. ಆದರೆ ಫ್ರೇಮ್ ಸಿಕ್ಕ ಮಾತ್ರಕ್ಕೆ ಸೈಕಲ್ ಆಗುವುದಿಲ್ಲ. ಮೌಂಟನ್ ಬೈಕುಗಳ ಹಿಂಚಕ್ರದ ಹಬ್ಬಿನ ಅಗಲ 135 ಮಿಲಿಮೀಟರಿನಿಂದ 142ಕ್ಕೆ, ಅಲ್ಲಿಂದ 148ಕ್ಕೆ ಬೆಳೆದಿದೆ. ನಮ್ಮ ಹಳೆಯ ಚಕ್ರ ಹೊಸ ಫ್ರೇಮಿಗೆ ಕೂರದು. ರಿಯಾಯಿತಿಯ ಬಹುಪಾಲು ಚಕ್ರದ ಖರ್ಚಿನಲ್ಲೇ ಕರಗಿತು.

ನನ್ನನ್ನು ಕಾಡಿದ್ದು ಹಣವೊಂದೇ ಅಲ್ಲ. ಲೋಹಶಾಸ್ತ್ರ ಬೋಧಿಸಿ ನಿವೃತ್ತರಾದ ಗೆಳೆಯರೊಬ್ಬರು ಮಸೂರ ಹಿಡಿದು ನೋಡಿ ಹೇಳಿದರು: ‘ದಣಿದು ಬಿಟ್ಟ ಬಿರುಕು ಇಂಚಿಂಚಾಗಿ ಬೆಳೆಯುತ್ತದೆ. ಬಿಡಿಸಿ ನೋಡಿದರೆ ಅಲೆಗಳಂಥ ಗೆರೆಗಳಿರುತ್ತವೆ, ಹಳೆಯ ಭಾಗ ಮಂಕಾಗಿರುತ್ತದೆ. ಒಮ್ಮೆಲೇ ಮುರಿದದ್ದು ಒರಟಾಗಿ ಹೊಳೆಯುತ್ತದೆ. ಫೋಟೊದಲ್ಲಿ ಇದನ್ನು ಹೇಳಲಾಗದು.’ ಅಂದರೆ ದೋಷವೋ ಅಪಘಾತವೋ ಎಂಬುದನ್ನು ಸಾಕಷ್ಟು ಮಟ್ಟಿಗೆ ಪರೀಕ್ಷಿಸಿ ತಿಳಿಯಬಹುದು. ಆದರೆ ಇಲ್ಲಿ ಪ್ರತಿವಾದಿಯೂ ಕಂಪನಿಯೇ, ನ್ಯಾಯಾಧೀಶನೂ ಕಂಪನಿಯೇ. ತೀರ್ಪಿಗೆ ಕಾರಣ ಕೊಡಬೇಕೆಂಬ ನಿಯಮವಂತೂ ವಾರಂಟಿ ಪುಸ್ತಕದಲ್ಲಿಲ್ಲ.

ಕಾನೂನಿನಲ್ಲಿ ದಾರಿಯಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವ್ಯಾಜ್ಯಕ್ಕೆ ಕಾರಣ ಉಂಟಾದ 2 ವರ್ಷಗಳೊಳಗೆ ಕೊಡಬೇಕು. ವಸ್ತುವಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೋಷದ ಪತ್ತೆಗೆ ಪ್ರಯೋಗಾಲಯದ ಪರೀಕ್ಷೆ ಬೇಕೆನಿಸಿದರೆ ಆಯೋಗವೇ ವಸ್ತುವನ್ನು ಅಲ್ಲಿಗೆ ಕಳುಹಿಸಬಲ್ಲದು. ಇದಕ್ಕೆಲ್ಲ ಮುರಿದ ಫ್ರೇಮ್ ನಮ್ಮ ಕೈಯಲ್ಲಿರಬೇಕು. ಅದನ್ನು ಒಪ್ಪಿಸಿದರೆ ಸಾಕ್ಷ್ಯವೇ ಹೋದಂತೆ. ಆದ್ದರಿಂದ ಮೊದಲು ಎಲ್ಲ ಕೋನಗಳಿಂದ ಚಿತ್ರ ತೆಗೆದಿಡಿ, ರಸೀದಿ ಮತ್ತು ಫ್ರೇಮ್ ಸಂಖ್ಯೆ ಜೋಪಾನವಾಗಿಡಿ, ಎಲ್ಲ ಮಾತನ್ನೂ ಬರಹದಲ್ಲೇ ನಡೆಸಿ.

ನಾವು ಆಯೋಗದ ತನಕ ಹೋಗಲಿಲ್ಲ. ಕಾರಣ ಕೇಳಿ ಎರಡನೆಯ ಪತ್ರ ಬರೆದೆವು. ಈ ಬಾರಿ ಕಂಪನಿ ಫ್ರೇಮ್ ತರಿಸಿಕೊಂಡು, ಪರೀಕ್ಷಿಸಿ, ಚಿತ್ರಗಳೊಡನೆ ಹಿಂದಿರುಗಿಸಿತು. ಕೆಳಗಿನ ಕೊಳವೆಯ ಅಡಿಯಲ್ಲಿ, ರಕ್ಷಣೆಗೆಂದು ನಾವೇ ಅಂಟಿಸಿದ್ದ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ, ಲೋಹ ಸಣ್ಣಗೆ ಸುಕ್ಕುಗಟ್ಟಿತ್ತು. ಮುಂಚಕ್ರ ಬಲವಾಗಿ ಬಡಿದಾಗ ಆಗುವ ಗುರುತು ಅದು. ಗೆಳೆಯರೂ ನೋಡಿ ಒಪ್ಪಿದರು. ಬಿರುಕಿನ ಬೀಜ ಬಿದ್ದದ್ದು ಆ ಕಲ್ಲಿನ ಮೇಲೆಯೇ. ತೀರ್ಪು ನಮ್ಮ ವಿರುದ್ಧವಾಗಿತ್ತು, ಆದರೂ ಮನಸ್ಸಿಗೆ ಸಮಾಧಾನವಾಯಿತು. ಇದನ್ನು ಮೊದಲ ಪತ್ರದಲ್ಲೇ ಹೇಳಬಹುದಿತ್ತು.

ಕಂಪನಿಗಳಿಂದ ನಾವು ಕೇಳಬೇಕಾದ್ದು ದಾನವನ್ನಲ್ಲ. ವಾರಂಟಿ ನಿರಾಕರಿಸಿದರೆ ಪರೀಕ್ಷೆಯ ಕಾರಣವನ್ನು ಬರೆದು ಕೊಡಲಿ. ಕ್ರ್ಯಾಶ್ ರಿಪ್ಲೇಸ್‌ಮೆಂಟಿನ ದರ, ಅವಧಿಗಳನ್ನು ಮಾರುವಾಗಲೇ ತಿಳಿಸಲಿ. ‘ಆಜೀವ’ ಎಂದರೆ ಸಾಮಾನ್ಯವಾಗಿ ಮೊದಲ ಖರೀದಿದಾರರಿಗೆ ಮಾತ್ರ ಎಂಬುದನ್ನೂ ಅಷ್ಟೇ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಲಿ. ಸೈಕಲ್ ಸ್ಪರ್ಧಿಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆಗಳ ಬಡ ಹುಡುಗನೊಬ್ಬ ಹಳೆಯ ಫ್ರೇಮ್ ಕೊಂಡರೆ ಅವನಿಗೆ ಆ ವಾರಂಟಿಯ ನೆರಳೂ ಸಿಗದು. ಅಂಥವನ ಕೈಗೆ ಬಿರುಕು ಬಿಟ್ಟ ಫ್ರೇಮಿಗೆ ಬಣ್ಣ ಬಳಿದು ಮಾರುವವರಿದ್ದರೆ ಅವನ ಗತಿಯೇನು?

ಹಳೆಯ ಫ್ರೇಮನ್ನು ಎರಡು ತುಂಡು ಮಾಡಿ ಅದರ ಚಿತ್ರ ಕಳುಹಿಸಬೇಕೆಂಬುದು ರಿಯಾಯಿತಿಯ ಷರತ್ತು. ಮೊದಲು ಅದು ಕ್ರೂರವೆನಿಸಿತ್ತು. ಭಾನುವಾರ ಮಗಳೇ ಗರಗಸ ಹಿಡಿದು ಕೂತಳು. ‘ಇನ್ನು ಇದನ್ನು ಯಾರೂ ಓಡಿಸಲಾರರಲ್ಲ ಅಪ್ಪಾ’ ಎಂದಳು. ಕೊಳವೆಯ ಇನ್ನೊಂದು ತುದಿಯನ್ನು ಅಲುಗಾಡದಂತೆ ನಾನು ಹಿಡಿದುಕೊಂಡೆ.