ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳಿಂದ ಮನೆಯ ಕಂಪ್ಯೂಟರ್ ಸ್ಲೋ ಆಗುತ್ತದೆಯೇ? ಇಲ್ಲಿದೆ ವಾಸ್ತವ

“ನಿಮ್ಮ ಕಂಪ್ಯೂಟರ್ ಸ್ಲೋ ಆಗಿದೆಯಾ? ನಿಮಗೆ ಗೊತ್ತಿಲ್ಲದೆ ನೂರಕ್ಕೂ ಹೆಚ್ಚು ಪ್ರೋಗ್ರಾಂಗಳು ಹಿಂದೆ ಓಡುತ್ತಿವೆ. ಎಲ್ಲವನ್ನೂ ಬಂದ್ ಮಾಡಿ, ಈ ಕ್ಲೀನರ್ ಹಾಕಿಕೊಳ್ಳಿ, ವೇಗ ಎರಡು ಪಟ್ಟು ಹೆಚ್ಚುತ್ತದೆ.” ಈ ಧಾಟಿಯ ಸಂದೇಶ ನಿಮ್ಮ ಅಪಾರ್ಟ್‌ಮೆಂಟ್ ಗುಂಪಿಗೋ ಶಾಲೆಯ ಪೋಷಕರ ಗುಂಪಿಗೋ ಬಂದಿರಬಹುದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಒಂದೇ ಮನೆಯಲ್ಲಿ ಕಚೇರಿಯ ಲ್ಯಾಪ್‌ಟಾಪ್ ಒಂದು, ಮಕ್ಕಳ ಓದಿಗೆಂದು ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇನ್ನೊಂದು ಇರುವುದು ಸಾಮಾನ್ಯ. ಪೀಣ್ಯದ ಸಣ್ಣ ವರ್ಕ್‌ಶಾಪ್‌ನಲ್ಲಿ ಬಿಲ್ಲು, ಜಿಎಸ್‌ಟಿ, ಡ್ರಾಯಿಂಗ್ ಎಲ್ಲಕ್ಕೂ ಒಂದೇ ಕಂಪ್ಯೂಟರ್. ಅದು ತಡವರಿಸಿದರೆ ಅರ್ಧ ದಿನದ ಕೆಲಸ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಇಂಥ ಸಂದೇಶ ಬಂದರೆ ನಂಬಬೇಕು ಅನ್ನಿಸುವುದು ಸಹಜ.

ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು, ಅಪಾಯವೆಷ್ಟು? ಒಂದೊಂದಾಗಿ ನೋಡೋಣ. ವಿವರಗಳೆಲ್ಲ ವಿಂಡೋಸ್ ಕಂಪ್ಯೂಟರ್‌ಗಳಿಗೆ ಸಂಬಂಧಿಸಿದವು.

ಚುಟುಕಾಗಿ ಉತ್ತರ

ಹಿನ್ನೆಲೆಯ ಪ್ರೋಗ್ರಾಂಗಳು ಕಂಪ್ಯೂಟರನ್ನು ನಿಧಾನ ಮಾಡಬಲ್ಲವು, ನಿಜ. ಆದರೆ ಎಷ್ಟು ಪ್ರೋಗ್ರಾಂ ಓಡುತ್ತಿವೆ ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು, ಅವುಗಳಲ್ಲಿ ಯಾವುದಾದರೂ ಪ್ರೊಸೆಸರ್, ಮೆಮೊರಿ ಅಥವಾ ಡಿಸ್ಕ್ ಈ ಮೂರರಲ್ಲಿ ಒಂದನ್ನು ಪೂರ್ತಿ ಹಿಡಿದಿಟ್ಟುಕೊಂಡಿದೆಯೇ ಎಂಬುದನ್ನು. ಮಲಗಿರುವ ನೂರು ಜನರಿಂದ ಬಾಗಿಲಿಗೆ ಅಡ್ಡಿಯಿಲ್ಲ. ಬಾಗಿಲಲ್ಲೇ ನಿಂತ ಒಬ್ಬ ಸಾಕು.

ನೂರಕ್ಕೂ ಹೆಚ್ಚು ಪ್ರೋಗ್ರಾಂ ಎಂದರೆ ಗಾಬರಿಯಾಗಬೇಕೇ?

ಬೇಡ. ಈಗಷ್ಟೇ ಆನ್ ಮಾಡಿದ ಹೊಸ ವಿಂಡೋಸ್ ಕಂಪ್ಯೂಟರ್‌ನಲ್ಲೂ ಪಟ್ಟಿ ನೂರು ದಾಟುವುದು ಮಾಮೂಲು. ವೈಫೈ, ಧ್ವನಿ, ಪ್ರಿಂಟರ್, ಗಡಿಯಾರ, ಭದ್ರತೆ ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಸಣ್ಣ ಸೇವೆ ಇರುತ್ತದೆ. ಇವುಗಳಲ್ಲಿ ಬಹುಪಾಲು ಕರೆ ಬರುವವರೆಗೆ ಸುಮ್ಮನೆ ಕಾಯುತ್ತಿರುತ್ತವೆ. ಕಾಯುವ ಪ್ರೋಗ್ರಾಂ ಪ್ರೊಸೆಸರ್‌ನ ಸಮಯವನ್ನು ತಿನ್ನುವುದೇ ಇಲ್ಲ ಎನ್ನಬಹುದು.

2017ರಲ್ಲಿ ಬಂದ ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಬದಲಾವಣೆ ಮಾಡಿತು. ಅದಕ್ಕೂ ಮೊದಲು ಹಲವು ಸೇವೆಗಳು ‘ಸರ್ವಿಸ್ ಹೋಸ್ಟ್’ ಎಂಬ ಒಂದೇ ಸೂರಿನಡಿ ಗುಂಪಾಗಿ ಇರುತ್ತಿದ್ದವು. ಬದಲಾವಣೆಯ ನಂತರ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನ ಸೇವೆಗಳಿಗೆ ಪ್ರತ್ಯೇಕ ಜಾಗ ಸಿಕ್ಕಿತು. ಒಂದು ಕೆಟ್ಟರೆ ಉಳಿದವೂ ಕೆಡಬಾರದು ಎಂಬುದು ಉದ್ದೇಶ. ಹಾಗಾಗಿ ಹೆಚ್ಚು ರ‍್ಯಾಮ್ ಇರುವ ಒಳ್ಳೆಯ ಕಂಪ್ಯೂಟರ್‌ನಲ್ಲೇ ಈ ಪಟ್ಟಿ ಉದ್ದವಾಗಿ ಕಾಣುತ್ತದೆ. ಕ್ರೋಮ್‌ನಂಥ ಬ್ರೌಸರ್‌ಗಳೂ ಟ್ಯಾಬ್‌ಗಳಿಗೆ, ಎಕ್ಸ್‌ಟೆನ್ಷನ್‌ಗಳಿಗೆ ಬೇರೆಬೇರೆ ಪ್ರೊಸೆಸ್ ತೆರೆಯುತ್ತವೆ. ಪಟ್ಟಿಯಲ್ಲಿ ಕ್ರೋಮ್ ಹದಿನೈದು ಸಲ ಕಂಡರೆ ಅದು ವೈರಸ್ ಎಂದರ್ಥವಲ್ಲ.

ರ‍್ಯಾಮ್ ಅರ್ಧಕ್ಕಿಂತ ಹೆಚ್ಚು ತುಂಬಿದೆ, ಖಾಲಿ ಮಾಡಬೇಕೇ?

ಇದೂ ಬಹಳ ಜನರ ತಪ್ಪು ತಿಳಿವಳಿಕೆ. ಖಾಲಿ ಬಿದ್ದಿರುವ ರ‍್ಯಾಮ್‌ನಿಂದ ನಿಮಗೆ ಯಾವ ಲಾಭವೂ ಇಲ್ಲ. ನೀವು ಮತ್ತೆ ಕೇಳಬಹುದಾದ ಕಡತಗಳನ್ನು ವಿಂಡೋಸ್ ಮೊದಲೇ ಅಲ್ಲಿ ತಂದಿಟ್ಟುಕೊಳ್ಳುತ್ತದೆ. ಅಡುಗೆ ಮಾಡುವವರು ಸಾಸಿವೆ, ಅರಿಶಿನದ ಡಬ್ಬಿಗಳನ್ನು ಅಟ್ಟದ ಮೇಲಿಡದೆ ಒಲೆಯ ಪಕ್ಕದಲ್ಲಿ ಇಟ್ಟುಕೊಳ್ಳುವಂತೆ ಇದು. ಬೇರೊಂದು ಪ್ರೋಗ್ರಾಂಗೆ ಆ ಜಾಗ ಬೇಕಾದರೆ ವಿಂಡೋಸ್ ತಕ್ಷಣ ಬಿಟ್ಟುಕೊಡುತ್ತದೆ.

‘ರ‍್ಯಾಮ್ ಬೂಸ್ಟರ್’ ಎಂಬ ಹೆಸರಿನ ಪ್ರೋಗ್ರಾಂಗಳು ಈ ಡಬ್ಬಿಗಳನ್ನೆಲ್ಲ ಎತ್ತಿ ಮತ್ತೆ ಅಟ್ಟಕ್ಕೆ ಹಾಕುತ್ತವೆ. ಪರದೆಯ ಮೇಲೆ “2 ಜಿಬಿ ಖಾಲಿಯಾಯಿತು” ಎಂದು ಕಂಡು ಖುಷಿಯಾಗುತ್ತದೆ. ಆಮೇಲೆ ನೀವು ಬ್ರೌಸರ್ ತೆರೆದಾಗ ಅವೇ ಕಡತಗಳನ್ನು ಡಿಸ್ಕ್‌ನಿಂದ ಮತ್ತೆ ಓದಬೇಕಾಗುತ್ತದೆ. ಕೆಲಸ ಇನ್ನಷ್ಟು ತಡ.

ಹಾಗಾದರೆ ನಿಜವಾಗಿ ನಿಧಾನವಾಗುವುದು ಯಾವಾಗ?

ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ.

ಮೊದಲನೆಯದು, ರ‍್ಯಾಮ್ ನಿಜಕ್ಕೂ ಸಾಲದಿದ್ದಾಗ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ರ‍್ಯಾಮ್ 4 ಜಿಬಿ. ಕನಿಷ್ಠ ಎಂದರೆ ಓಡುತ್ತದೆ ಎಂದರ್ಥ, ಸಲೀಸಾಗಿ ಓಡುತ್ತದೆ ಎಂದಲ್ಲ. ಅಷ್ಟರಲ್ಲೇ ವಿಡಿಯೋ ತರಗತಿ, ಇಪ್ಪತ್ತು ಟ್ಯಾಬ್, ಆ್ಯಂಟಿವೈರಸ್ ಎಲ್ಲ ಸೇರಿದರೆ ಜಾಗ ಮುಗಿಯುತ್ತದೆ. ಆಗ ವಿಂಡೋಸ್ ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆದು, ಬೇಕಾದಾಗ ವಾಪಸ್ ತರಲು ಶುರುಮಾಡುತ್ತದೆ. ಮೌಸ್ ಕೂಡ ತಡವರಿಸುವುದು ಇಂಥ ಹೊತ್ತಿನಲ್ಲೇ.

ಎರಡನೆಯದು, ಡಿಸ್ಕ್ ಹಳೆಯ ಕಾಲದ, ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದಾಗ. ಲ್ಯಾಪ್‌ಟಾಪ್‌ನ ಅಂಥ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ಕಡ್ಡಿ ಸರಿಯಾದ ಜಾಗಕ್ಕೆ ಸರಿಯಬೇಕು, ಆಮೇಲೆ ಬೇಕಾದ ಭಾಗ ಅದರ ಕೆಳಗೆ ಬರುವವರೆಗೆ ಕಾಯಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಕಡತ ಓದಬೇಕಾದರೆ ಸೆಕೆಂಡಿಗೆ ನೂರು ಸಲ ಓದುವುದೂ ಕಷ್ಟ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದು ಸೆಕೆಂಡಿಗೆ ಸಾವಿರಾರು ಸಲ ಓದುತ್ತದೆ. ಒಂದೇ ಹಿನ್ನೆಲೆ ಪ್ರೋಗ್ರಾಂ ಎಸ್‌ಎಸ್‌ಡಿ ಇರುವ ಮನೆಯಲ್ಲಿ ಯಾರ ಗಮನಕ್ಕೂ ಬಾರದೆ ಹೋಗಿ, ಹಾರ್ಡ್ ಡಿಸ್ಕ್ ಇರುವ ಪಕ್ಕದ ಮನೆಯಲ್ಲಿ ಕಂಪ್ಯೂಟರನ್ನೇ ನಿಲ್ಲಿಸುವುದು ಈ ಕಾರಣಕ್ಕೆ.

ಮೂರನೆಯದು, ಯಾವುದೋ ಒಂದು ಪ್ರೋಗ್ರಾಂ ಪ್ರೊಸೆಸರನ್ನು ಬಿಡದೆ ಹಿಡಿದಾಗ. ಅದು ಸಿಕ್ಕಿಹಾಕಿಕೊಂಡ ಪ್ರಿಂಟರ್ ಸಾಫ್ಟ್‌ವೇರ್ ಇರಬಹುದು, ಕೆಟ್ಟ ಬ್ರೌಸರ್ ಎಕ್ಸ್‌ಟೆನ್ಷನ್ ಇರಬಹುದು. ನಿಮ್ಮ ಕರೆಂಟಿನಲ್ಲಿ ಬೇರೆಯವರಿಗೆ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುವ ಕಳ್ಳ ಪ್ರೋಗ್ರಾಂ ಕೂಡ ಇರಬಹುದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆಗೆ ಇಂಥವು ನುಸುಳುತ್ತವೆ.

ಇವುಗಳ ಜೊತೆ ದೂಳನ್ನೂ ಮರೆಯಬೇಡಿ. ಫ್ಯಾನ್‌ಗೆ ದೂಳು ಕಟ್ಟಿದರೆ ಪ್ರೊಸೆಸರ್ ಬಿಸಿಯಾಗಿ, ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕಾರ್ಖಾನೆ ಪ್ರದೇಶದಲ್ಲಿ, ಸದಾ ಕಟ್ಟಡದ ಕೆಲಸ ನಡೆಯುವ ಬಡಾವಣೆಗಳಲ್ಲಿ ಈ ಸಮಸ್ಯೆ ಹೆಚ್ಚು. ಯಾವ ಪ್ರೋಗ್ರಾಂ ಮುಚ್ಚಿದರೂ ಇದು ಸರಿಹೋಗದು.

ವಾರಕ್ಕೊಮ್ಮೆ ಆನ್ ಮಾಡಿದರೆ ಏಕೆ ಅಷ್ಟು ನಿಧಾನ?

ವಿಂಡೋಸ್ ತನ್ನ ದಿನನಿತ್ಯದ ನಿರ್ವಹಣೆಗೆ ಇಟ್ಟುಕೊಂಡಿರುವ ಸಮಯ ಸಾಮಾನ್ಯವಾಗಿ ರಾತ್ರಿ 2 ಗಂಟೆ. ಆಗ ಕಂಪ್ಯೂಟರ್ ಆಫ್ ಆಗಿದ್ದರೆ, ಮುಂದೆ ಆನ್ ಆಗಿ ಸುಮ್ಮನಿರುವಾಗ ಆ ಕೆಲಸ ಮಾಡಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ಸ್ವಿಚ್ ಆಫ್ ಮಾಡಿ ಮಲಗುವುದೇ ಅಭ್ಯಾಸ. ಭಾನುವಾರ ಮಾತ್ರ ಆನ್ ಆಗುವ ಕಂಪ್ಯೂಟರ್‌ಗೆ ವಾರದ ಅಪ್‌ಡೇಟ್, ವೈರಸ್ ತಪಾಸಣೆ, ಫೋಟೋ ಬ್ಯಾಕಪ್ ಎಲ್ಲ ಒಟ್ಟಿಗೇ ಮೈಮೇಲೆ ಬರುತ್ತವೆ. ಕೆಟ್ಟಿದೆ ಎಂದು ಬಯ್ಯುವ ಮೊದಲು ಅರ್ಧ ಗಂಟೆ ಬಿಟ್ಟು ನೋಡಿ.

ಇನ್ನೊಂದು ವಿಷಯ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ಇದು ಚಾಲೂ ಇದ್ದರೆ ‘ಶಟ್ ಡೌನ್’ ಮಾಡಿದಾಗ ವಿಂಡೋಸ್‌ನ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ, ಮರುದಿನ ಅಲ್ಲಿಂದಲೇ ಮುಂದುವರಿಸುತ್ತದೆ. ಎಲ್ಲವೂ ಹೊಸದಾಗಿ ಶುರುವಾಗಬೇಕಾದರೆ ‘ರೀಸ್ಟಾರ್ಟ್’ ಒತ್ತಬೇಕು.

ಎರಡೇ ನಿಮಿಷದಲ್ಲಿ ನೀವೇ ಪರೀಕ್ಷಿಸಿ

1. ಕಂಪ್ಯೂಟರ್ ನಿಧಾನವಾಗಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಇದು ವಿಂಡೋಸ್ ಜೊತೆಗೇ ಉಚಿತವಾಗಿ ಬರುತ್ತದೆ.

2. ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಕಾಲಂಗಳ ಮೇಲಿರುವ ಶೇಕಡಾವಾರು ನೋಡಿ. ಯಾವುದು 90 ದಾಟಿ ಅಲ್ಲೇ ನಿಂತಿದೆ?

3. ಆ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ. ಅತಿ ಹೆಚ್ಚು ಬಳಸುತ್ತಿರುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ನಿಮಗೆ ಬೇಕಾದ ಹೆಸರು ಅಲ್ಲೇ ಇದೆ.

4. ಮೂರೂ ಕಡಿಮೆ ಇದ್ದು, ವೆಬ್‌ಸೈಟ್‌ಗಳು ಮಾತ್ರ ತಡವಾಗಿ ತೆರೆಯುತ್ತಿದ್ದರೆ ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಮೊದಲು ನೋಡಿ.

5. ಆನ್ ಆಗುವುದೇ ತಡವಾದರೆ ‘ಸ್ಟಾರ್ಟಪ್’ ವಿಭಾಗಕ್ಕೆ ಹೋಗಿ. ದಿನಾ ಬಳಸದ ಗೇಮ್ ಲಾಂಚರ್, ಸಂಗೀತದ ಆ್ಯಪ್, ಮೀಟಿಂಗ್ ಆ್ಯಪ್‌ಗಳನ್ನು ‘ಡಿಸೇಬಲ್’ ಮಾಡಿ. ಅವು ಅಳಿಸಿಹೋಗುವುದಿಲ್ಲ, ನೀವು ತೆರೆದಾಗ ಮಾತ್ರ ಓಡುತ್ತವೆ.

ಹೆಸರು ಗೊತ್ತಿಲ್ಲದ್ದನ್ನೆಲ್ಲ ‘ಎಂಡ್ ಟಾಸ್ಕ್’ ಮಾಡುತ್ತಾ ಹೋಗಬೇಡಿ. ಆ್ಯಂಟಿವೈರಸ್ ನಿಲ್ಲಿಸಬೇಡಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ಸರಿಯಾದ ಕ್ರಮದಲ್ಲಿ ಅನ್‌ಇನ್‌ಸ್ಟಾಲ್ ಮಾಡಿ, ಏಕೆಂದರೆ ಎರಡೂ ಒಂದೇ ಕಡತವನ್ನು ತಪಾಸಣೆ ಮಾಡಲು ಹೊರಡುತ್ತವೆ. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಅದರಲ್ಲಿ ಕಂಪನಿಯ ಭದ್ರತಾ ಪ್ರೋಗ್ರಾಂಗಳು ಇದ್ದೇ ಇರುತ್ತವೆ. ಅವನ್ನು ಮುಟ್ಟದೆ, ಟಾಸ್ಕ್ ಮ್ಯಾನೇಜರ್‌ನ ಫೋಟೋ ತೆಗೆದು ನಿಮ್ಮ ಐಟಿ ವಿಭಾಗಕ್ಕೆ ಕಳಿಸಿ.

ಕ್ಲೀನರ್‌ಗಳನ್ನು ನಂಬಬಹುದೇ?

ಕಂಪ್ಯೂಟರ್ ಸ್ಲೋ ಆಗಿರುವುದಕ್ಕಿಂತ ದೊಡ್ಡ ನಷ್ಟ ಆಗುವುದು ಇಲ್ಲೇ. ಈ ಮೂರು ಪ್ರಕರಣ ನೋಡಿ.

2017ರ ಸೆಪ್ಟೆಂಬರ್‌ನಲ್ಲಿ, ಜಗತ್ತಿನಾದ್ಯಂತ ಜನಪ್ರಿಯವಾಗಿದ್ದ ಸಿಕ್ಲೀನರ್ ಎಂಬ ಪ್ರೋಗ್ರಾಂನ ಒಂದು ಆವೃತ್ತಿಯೊಳಗೆ ಹ್ಯಾಕರ್‌ಗಳು ಕುತಂತ್ರಾಂಶ ಸೇರಿಸಿದ್ದು ಬೆಳಕಿಗೆ ಬಂತು. ಕಂಪನಿಯೇ ಹೇಳಿದಂತೆ ಆ ಆವೃತ್ತಿ ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳಲ್ಲಿ ಇತ್ತು. ಹೆಸರಾಂತ ಪ್ರೋಗ್ರಾಂನ ಕಥೆಯೇ ಹೀಗಾದರೆ, ಫಾರ್ವರ್ಡ್‌ನಲ್ಲಿ ಬಂದ ಲಿಂಕ್‌ನ ಕಥೆ ಏನು?

2019ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎದುರು ಆಫೀಸ್ ಡಿಪೊ ಮತ್ತು ಸಪೋರ್ಟ್ ಡಾಟ್ ಕಾಮ್ ಎಂಬ ಕಂಪನಿಗಳು ಒಟ್ಟು 3.5 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡವು. ಅಂಗಡಿಯಲ್ಲಿ ಉಚಿತವಾಗಿ ಮಾಡುತ್ತಿದ್ದ ‘ಪಿಸಿ ಹೆಲ್ತ್ ಚೆಕ್’ ಬಗ್ಗೆ ಆಯೋಗದ ಆರೋಪ ಹೀಗಿತ್ತು: ತಪಾಸಣೆಗೆ ಮೊದಲು ಗ್ರಾಹಕರಿಗೆ ನಾಲ್ಕು ಪ್ರಶ್ನೆ ಕೇಳಲಾಗುತ್ತಿತ್ತು. ಕಂಪ್ಯೂಟರ್ ನಿಧಾನವಾಗಿದೆಯೇ ಎಂಬುದು ಅವುಗಳಲ್ಲಿ ಒಂದು. ಯಾವುದಾದರೂ ಒಂದಕ್ಕೆ ಹೌದು ಎಂದರೆ ಸಾಕು, ಒಳಗೆ ಏನಿದ್ದರೂ ಇಲ್ಲದಿದ್ದರೂ ಕುತಂತ್ರಾಂಶದ ಲಕ್ಷಣವಿದೆ ಎಂದು ವರದಿ ಬರುತ್ತಿತ್ತು. ಆಮೇಲೆ ರಿಪೇರಿಯ ಬಿಲ್ಲು.

ನಮ್ಮ ಊರಿನ ಪ್ರಕರಣವೂ ಇದೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಒಂದರಲ್ಲಿದ್ದ ಕಚೇರಿಯ ಮೇಲೆ ದಾಳಿ ಮಾಡಿ 21 ಮಂದಿಯನ್ನು ಬಂಧಿಸಿದರು. ಮೈಕ್ರೋಸಾಫ್ಟ್ ತಾಂತ್ರಿಕ ಸಿಬ್ಬಂದಿ ಎಂದು ಹೇಳಿಕೊಂಡು ವಿದೇಶದ ಜನರಿಗೆ ಅವರ ಕಂಪ್ಯೂಟರ್ ಬಗ್ಗೆ ಭಯ ಹುಟ್ಟಿಸಿ ಹಣ ಕೀಳುತ್ತಿದ್ದರು ಎಂಬುದು ಪೊಲೀಸರ ಆರೋಪ. ಇಂಥ ವಂಚನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ, ಅದರಲ್ಲೊಂದು ಫೋನ್ ನಂಬರ್ ಇರುತ್ತದೆ. ಕರೆ ಮಾಡಿದವರಿಂದ ದೂರದಿಂದಲೇ ಕಂಪ್ಯೂಟರ್ ನಿಯಂತ್ರಿಸುವ ಆ್ಯಪ್ ಹಾಕಿಸುತ್ತಾರೆ. ಆಮೇಲೆ ಇದೇ ಹಿನ್ನೆಲೆ ಸೇವೆಗಳ ಉದ್ದ ಪಟ್ಟಿ ತೋರಿಸಿ “ನೋಡಿ, ಎಷ್ಟು ವೈರಸ್ ಓಡುತ್ತಿವೆ” ಎನ್ನುತ್ತಾರೆ. ಪಟ್ಟಿ ಉದ್ದವಿರುವುದು ಸಹಜ ಎಂದು ತಿಳಿದವರ ಹತ್ತಿರ ಈ ಆಟ ನಡೆಯದು. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದುಡ್ಡು ಖರ್ಚು ಮಾಡಲೇಬೇಕಾದರೆ ಯಾವುದಕ್ಕೆ?

ಟಾಸ್ಕ್ ಮ್ಯಾನೇಜರ್ ತೋರಿಸಿದ್ದಕ್ಕೆ. ಡಿಸ್ಕ್ ಪದೇ ಪದೇ 100ಕ್ಕೆ ಹೋಗುತ್ತಿದ್ದು, ಅದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ಸದಾ ತುಂಬಿದ್ದರೆ ರ‍್ಯಾಮ್ ಹೆಚ್ಚಿಸಿ. ಎಸ್‌.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ. ಆದರೆ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ, ಕೊಳ್ಳುವ ಮೊದಲು ಮಾಡೆಲ್ ಹೇಳಿ ಕೇಳಿ. ಸಿಪಿಯು ಹೆಚ್ಚಿದ್ದು ಲ್ಯಾಪ್‌ಟಾಪ್ ಬಿಸಿಯಾಗುತ್ತಿದ್ದರೆ ಮೊದಲು ದೂಳು ತೆಗೆಸಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಿಂದ ಕಂಪ್ಯೂಟರ್ ಸ್ಲೋ ಆಗುವುದಿಲ್ಲ. ಅದು ಭದ್ರತೆಗೆ ಸಂಬಂಧಿಸಿದ ಬೇರೆಯೇ ಪ್ರಶ್ನೆ.

ಮೊಬೈಲ್‌ಗೂ ಇದೇ ಮಾತು ಸಲ್ಲುತ್ತದೆಯೇ?

ಹೌದು. ಆ್ಯಪ್‌ಗಳನ್ನು ಪದೇ ಪದೇ ಮೇಲಕ್ಕೆ ಸರಿಸಿ ಮುಚ್ಚುವ ಅಭ್ಯಾಸದಿಂದ ಬ್ಯಾಟರಿ ಉಳಿಯುವುದಿಲ್ಲ. ಇದನ್ನು 2016ರಲ್ಲಿ ಆ್ಯಪಲ್‌ನ ಕ್ರೇಗ್ ಫೆಡೆರಿಘಿ ಗ್ರಾಹಕರೊಬ್ಬರ ಇಮೇಲ್‌ಗೆ ಉತ್ತರಿಸುತ್ತಾ ಸ್ಪಷ್ಟಪಡಿಸಿದ್ದರು. ಆ್ಯಂಡ್ರಾಯ್ಡ್‌ನ ಮುಖ್ಯಸ್ಥರಾಗಿದ್ದ ಹಿರೋಶಿ ಲಾಕ್‌ಹೈಮರ್ ಕೂಡ ಅದೇ ಅಭಿಪ್ರಾಯ ಹೇಳಿದ್ದರು. ಸಿಕ್ಕಿಹಾಕಿಕೊಂಡ ಆ್ಯಪ್ ಇದ್ದರೆ ಅದೊಂದನ್ನು ಮುಚ್ಚಿ, ಸಾಕು.

ತೀರ್ಪು: ಅರ್ಧ ನಿಜ

ಹಿನ್ನೆಲೆಯ ಒಂದು ಪ್ರೋಗ್ರಾಂ ಕಂಪ್ಯೂಟರನ್ನು ನಿಲ್ಲಿಸಬಲ್ಲದು. ಆದರೆ ನೂರು ಪ್ರೋಗ್ರಾಂ ಇರುವುದೇ ತಪ್ಪಲ್ಲ. ಎಲ್ಲವನ್ನೂ ಮುಚ್ಚುವುದು ಪರಿಹಾರವೂ ಅಲ್ಲ. ಆ ಕ್ಲೀನರ್ ಲಿಂಕ್ ನಿಮ್ಮ ಗುಂಪಿಗೆ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಪದ ಬರೆದು ಕಳಿಸಿ.